ವ್ರೊತ್ಸ್ವಾಫ್: ಗೋಡೆ ಯಾರದು, ಮನೆ ಯಾರದು, ನೀರು ಎಲ್ಲಿಯವರೆಗೆ?

ಪ್ರಶ್ನೆ: ಮಗಳಿಗೆ ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿದೆ. ಅಕ್ಟೋಬರಿನಲ್ಲಿ ತರಗತಿ ಶುರು. ನದಿಗೆ ಹತ್ತಿರದ ಕೊಜಾನುಫ್ ಬಡಾವಣೆಯಲ್ಲಿ ನೆಲಮಹಡಿಯ ಮನೆಯೊಂದು ಕಡಿಮೆ ಬಾಡಿಗೆಗೆ ಸಿಗುತ್ತಿದೆ. ಆದರೆ 1997ರಲ್ಲಿ ಆ ಊರೇ ಮುಳುಗಿತ್ತು ಎಂದು ಓದಿದೆ. 2024ರಲ್ಲೂ ಅಲ್ಲಿನ ಪ್ರವಾಹದ ಸುದ್ದಿ ಟಿವಿಯಲ್ಲಿ ಬಂತು. ನಮ್ಮ ಭಾವನವರು, "ಅದು ಅಸಲಿಗೆ ಜರ್ಮನ್ ಊರು, ಹೆಸರು ಬ್ರೆಸ್ಲಾವ್, ಜರ್ಮನ್ ಕಲಿತರೆ ಸಾಕು" ಅಂತಾರೆ. ಇನ್ನೊಬ್ಬರು, "ಹಳೆಯ ಕಟ್ಟಡ ಅನ್ನೋದೆಲ್ಲ ಯುದ್ಧ ಆದಮೇಲೆ ಕಟ್ಟಿದ ನಕಲಿ" ಅಂತಾರೆ. ಯಾವುದನ್ನು ನಂಬೋದು? ಮಗಳನ್ನು ಬಿಡಲು ಹೋದಾಗ ನಮಗೆ ಎರಡು ದಿನ ಸಿಗುತ್ತದೆ. ಸಸ್ಯಾಹಾರಿಗಳು. ಏನು ನೋಡಬಹುದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಬಾಡಿಗೆ ಕರಾರಿನ ಮಾತು. ಸಹಿ ಹಾಕುವುದನ್ನು ಒಂದು ವಾರ ತಡೆಯಲು ಮಗಳಿಗೆ ಹೇಳಿ. ಆ ಮನೆ ಬೇಡವೇ ಬೇಡ ಎನ್ನುತ್ತಿಲ್ಲ. ಆದರೆ ಆ ಊರಿನಲ್ಲಿ "ನದಿಗೆ ಹತ್ತಿರ" ಎಂದರೆ ಯಾವ ನದಿಗೆ, ಎಷ್ಟು ತಗ್ಗಿನಲ್ಲಿ ಎಂದು ಕೇಳದೆ ನೆಲಮಹಡಿ ಹಿಡಿಯಬಾರದು.

ಅಲ್ಲಿ ಹರಿಯುವುದು ಒಂದು ನದಿಯಲ್ಲ. ದೊಡ್ಡದು ಓದ್ರಾ, ಜರ್ಮನರ ಬಾಯಲ್ಲಿ ಓಡರ್. ಅದಕ್ಕೆ ನಗರದ ಪರಿಧಿಯಲ್ಲೇ ಒವಾವಾ, ಶ್ಲೆಂಜಾ, ಬಿಸ್ತ್ಶಿತ್ಸಾ, ವಿದಾವಾ ಎಂಬ ನಾಲ್ಕು ಉಪನದಿಗಳು ಬಂದು ಸೇರುತ್ತವೆ. ಓದ್ರಾ ತಾನೂ ಒಂದೇ ಪಾತ್ರದಲ್ಲಿ ಹೋಗುವುದಿಲ್ಲ, ಕವಲೊಡೆದು ನಡುಗಡ್ಡೆಗಳನ್ನು ಮಾಡಿಕೊಂಡು ಸಾಗುತ್ತದೆ. ಊರು ಹುಟ್ಟಿದ್ದೇ ಆ ಕಾರಣಕ್ಕೆ. ಅಗಲವಾದ ಒಂದು ನದಿಯನ್ನು ದಾಟುವುದಕ್ಕಿಂತ ಸಣ್ಣ ಸಣ್ಣ ನಾಲ್ಕು ಕವಲುಗಳನ್ನು ನಡುಗಡ್ಡೆಯಿಂದ ನಡುಗಡ್ಡೆಗೆ ದಾಟುವುದು ಸುಲಭ. ಪೂರ್ವ–ಪಶ್ಚಿಮದ ವ್ಯಾಪಾರದ ದಾರಿ ಇಲ್ಲೇ ಹೊಳೆ ದಾಟುತ್ತಿತ್ತು. ನೂರಕ್ಕೂ ಹೆಚ್ಚು ಸೇತುವೆಗಳಿರುವ ಊರು ಎಂದು ಇವತ್ತು ಹೆಮ್ಮೆಯಿಂದ ಹೇಳುತ್ತಾರಲ್ಲ, ಅಷ್ಟು ಸೇತುವೆ ಬೇಕಾದ ಜಾಗಕ್ಕೆ ನೀರು ನುಗ್ಗುವ ದಾರಿಗಳೂ ಅಷ್ಟೇ ಇರುತ್ತವೆ.

1997ರಲ್ಲಿ ನಡೆದದ್ದು

"ಊರೇ ಮುಳುಗಿತ್ತು" ಎಂಬುದು ಉತ್ಪ್ರೇಕ್ಷೆ. ನೀರು ನುಗ್ಗಿದ್ದು ನಗರದ ಸುಮಾರು ಮೂರನೇ ಒಂದು ಭಾಗಕ್ಕೆ. ಅದೇನೂ ಸಣ್ಣ ಮಾತಲ್ಲ. ಜುಲೈ ಮೊದಲ ವಾರ ಸುದೆತಿ ಬೆಟ್ಟಗಳಲ್ಲಿ, ಜೆಕ್ ನಾಡಿನ ಕಡೆಯಲ್ಲಿ ಎಡೆಬಿಡದ ಮಳೆ. ಜುಲೈ 9ಕ್ಕೆ ಮೇಲ್ದಂಡೆಯ ರಾಚಿಬುಶ್ ಪಟ್ಟಣದಲ್ಲಿ ನೀರು ಗರಿಷ್ಠ ಮಟ್ಟ ಮುಟ್ಟಿತು, 12ಕ್ಕೆ ವ್ರೊತ್ಸ್ವಾಫ್ ಸರದಿ. ಊರಿನ ಪ್ರವಾಹ ಕಾಲುವೆ, ಏರಿಗಳ ವ್ಯವಸ್ಥೆ 1903ರ ಮಹಾಪೂರದ ಪಾಠ ಕಲಿತು ಮೊದಲ ಮಹಾಯುದ್ಧದ ಹೊತ್ತಿಗೆ ಕಟ್ಟಿದ್ದು. ಅದಕ್ಕೆ ಸೆಕೆಂಡಿಗೆ ಎರಡೂಕಾಲು ಸಾವಿರ ಘನಮೀಟರ್ ಆಸುಪಾಸಿನ ನೀರನ್ನು ತಾಳುವ ಶಕ್ತಿ. ಬಂದದ್ದು 3,500ಕ್ಕೂ ಮಿಕ್ಕಿ. ಸಾಲದ್ದಕ್ಕೆ ಬಹಳಷ್ಟು ನೀರು ಎದುರಿನಿಂದ ಬರಲಿಲ್ಲ. ಆಗ್ನೇಯ ದಿಕ್ಕಿನಿಂದ, ಒವಾವಾ ನದಿಯ ಕಡೆಯಿಂದ ಹಿಂಬಾಗಿಲಲ್ಲಿ ಬಂತು. ಚರಂಡಿ ಕೊಳವೆಗಳಲ್ಲಿ ಹಿಮ್ಮುಖವಾಗಿ ಏರಿದ ನೀರು ಇನ್ನೊಂದು ಪಾಲು. ಕೆಥೆಡ್ರಲ್ ಇರುವ ಒಸ್ತ್ರುಫ್ ತುಮ್ಸ್ಕಿ, ಬಿಸ್ಕುಪಿನ್ ಬಡಾವಣೆಗಳ ಕಡೆ ನಿವಾಸಿಗಳೇ ಮರಳುಚೀಲ ಜೋಡಿಸಿ ತಡೆದರು. ಕೊಜಾನುಫ್ ಉಳಿಯಲಿಲ್ಲ.

ಆ ದಿನಗಳ ಒಂದು ಮಾತು ಈಗಲೂ ಚಾಲ್ತಿಯಲ್ಲಿದೆ: "ವಾನಿ ಹಳ್ಳಿಯ ಬಳಿ ಏರಿ ಸಿಡಿಸಿದ್ದರೆ ನಗರ ಉಳಿಯುತ್ತಿತ್ತು." ನೀರನ್ನು ವಿದಾವಾ ಕಡೆಗೆ ತಿರುಗಿಸಲು ಏರಿ ಒಡೆಯಬೇಕೆಂದು ಅಧಿಕಾರಿಗಳು ಹೊರಟಿದ್ದು ನಿಜ, ಹಳ್ಳಿಗರು ಅಡ್ಡ ನಿಂತಿದ್ದೂ ನಿಜ. ಒಡೆದಿದ್ದರೆ ನಗರ ಉಳಿಯುತ್ತಿತ್ತು ಎಂಬುದು ಮಾತ್ರ ಸಾಬೀತಾಗದ ವಾದ. ಹಳ್ಳಿಯವರ ತಲೆಗೆ ಕಟ್ಟಲು ಅದು ಅನುಕೂಲದ ಕಥೆ, ಅಷ್ಟೆ.

ಇನ್ನು ಕೊಜಾನುಫ್. ಶ್ಲೆಂಜಾ ನದಿ ಓದ್ರಾವನ್ನು ಸೇರುವ ಮೂಲೆಯ ತಗ್ಗು ನೆಲ ಅದು. ಹಿಂದೆ ಬಹುಪಾಲು ಖಾಲಿ ಬಿಟ್ಟಿದ್ದ ಆ ಜಾಗದಲ್ಲಿ 1970–80ರ ದಶಕಗಳಲ್ಲಿ ಕಾಂಕ್ರೀಟ್ ಹಲಗೆಗಳ ವಸತಿ ಸಮುಚ್ಚಯ ಎದ್ದಿತು. ಓದ್ರಾ ಉಬ್ಬಿದಾಗ ಶ್ಲೆಂಜಾ ನೀರಿಗೆ ಹೊರಗೆ ಹೋಗಲು ಜಾಗವಿಲ್ಲ, ಹಿಂದಕ್ಕೆ ತಳ್ಳಿಸಿಕೊಂಡು ಮನೆಗಳತ್ತ ಹರಡುತ್ತದೆ. 2010ರ ಮೇ ತಿಂಗಳಲ್ಲೂ ಆದದ್ದು ಅದೇ. ಅವಸರದಲ್ಲಿ ಕಟ್ಟಿದ ತಾತ್ಕಾಲಿಕ ಏರಿ ಒಡೆದು ಕೊಜಾನುಫ್ ಎರಡನೇ ಸಲ ನೆನೆಯಿತು. ಶಾಶ್ವತ ತಡೆ ಅಲ್ಲಿಗೆ ಬಂದದ್ದು ಆಮೇಲೆ. ನಗರದ ಒಟ್ಟು ನೀರಿನ ದಾರಿಗಳನ್ನೂ ಸೆಕೆಂಡಿಗೆ ಸುಮಾರು 3,100 ಘನಮೀಟರ್ ದಾಟಿಸುವ ಹಾಗೆ ಅಗಲ ಮಾಡಿ ಬಲಪಡಿಸಿದರು. 2020ರಲ್ಲಿ ರಾಚಿಬುಶ್ ಬಳಿ 18.5 ಕೋಟಿ ಘನಮೀಟರ್ ಹಿಡಿಯುವ ಪ್ರವಾಹ ಜಲಾಶಯ ಮುಗಿಯಿತು. ಮಾಮೂಲು ದಿನಗಳಲ್ಲಿ ಅದು ಖಾಲಿ ಇರುತ್ತದೆ. ನಮ್ಮ ಅಣೆಕಟ್ಟುಗಳ ಲೆಕ್ಕದಲ್ಲಿ ಯೋಚಿಸಿದರೆ ಇದು ವಿಚಿತ್ರ, ಆದರೆ ಪೂರ ತಡೆಯಲೆಂದೇ ಕಟ್ಟಿದ ಜಲಾಶಯ ತುಂಬಿಕೊಂಡಿದ್ದರೆ ಉಪಯೋಗವಿಲ್ಲ.

2024ರ ಸೆಪ್ಟೆಂಬರಿನಲ್ಲಿ ಆ ಜಲಾಶಯ ಮೊದಲ ದೊಡ್ಡ ಪರೀಕ್ಷೆ ಎದುರಿಸಿ ಗೆದ್ದಿತು. ನೀವು ಟಿವಿಯಲ್ಲಿ ನೋಡಿದ ಕೊಚ್ಚಿಹೋದ ಬೀದಿಗಳು ಬಹುಮಟ್ಟಿಗೆ ಬೆಟ್ಟದ ತಪ್ಪಲಿನ ಕ್ವೊದ್ಸ್ಕೊ, ಸ್ತ್ರೊನ್ಯೆ ಶ್ಲೊನ್‌ಸ್ಕ್ಯೆ ಪಟ್ಟಣಗಳವು. ವ್ರೊತ್ಸ್ವಾಫ್ ನಡುಪೇಟೆ ಮುಳುಗಲಿಲ್ಲ. ಹಾಗೆಂದು ಜಲಾಶಯ ಎಲ್ಲವನ್ನೂ ಕಾಯುವುದಿಲ್ಲ. ನಿಸಾ ಕ್ವೊದ್ಸ್ಕಾ ನದಿ ಓದ್ರಾವನ್ನು ಕೂಡುವುದು ರಾಚಿಬುಶ್‌ಗಿಂತ ಕೆಳಗೆ. ಆ ನೀರಿನ ಮೇಲೆ ಈ ಜಲಾಶಯಕ್ಕೆ ಹಿಡಿತವಿಲ್ಲ. ನಗರದ ಪಶ್ಚಿಮ ಅಂಚಿನ ಬಿಸ್ತ್ಶಿತ್ಸಾ ನದಿ ಸಂಪೂರ್ಣ ಬೇರೆ ಬೆಟ್ಟದಿಂದ ಬರುತ್ತದೆ. 2024ರಲ್ಲಿ ಮರಳುಚೀಲ ಹೊತ್ತು ರಾತ್ರಿ ಕಳೆದವರು ಮುಖ್ಯವಾಗಿ ಆ ಕಡೆಯ ಮಾರ್ಶೊವಿತ್ಸೆ, ಸ್ತಾಬ್ವೊವಿತ್ಸೆ ಬಡಾವಣೆಗಳವರು.

ಮನೆ ಆರಿಸುವ ಬಗೆ

ಪೋಲೆಂಡಿನ ಜಲ ಇಲಾಖೆ ಪ್ರವಾಹ ಅಪಾಯದ ನಕ್ಷೆಗಳನ್ನು "ಹೈಡ್ರೊಪೋರ್ಟಲ್" ಹೆಸರಿನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಮನೆಯ ವಿಳಾಸ ಹಾಕಿದರೆ ಮೂರು ಬಗೆಯ ವಲಯ ಕಾಣಿಸುತ್ತದೆ: ಯಾವುದೇ ವರ್ಷದಲ್ಲಿ ನೀರು ಬರುವ ಸಾಧ್ಯತೆ ಶೇ 10, ಶೇ 1, ಶೇ 0.2. ಇವಲ್ಲದೆ "ಏರಿ ಒಡೆದರೆ" ಎಂಬ ಪ್ರತ್ಯೇಕ ನಕ್ಷೆಯೂ ಇದೆ. ಕೊಜಾನುಫ್‌ನಂಥ ಕಡೆ ನೋಡಬೇಕಾದದ್ದು ಅದನ್ನು. ಮಾಮೂಲು ನಕ್ಷೆಯಲ್ಲಿ ಏರಿಯ ಹಿಂದಿನ ಮನೆ ಒಣಗಿದಂತೆಯೇ ಕಾಣುತ್ತದೆ. "ಶೇ 1" ಎಂದರೆ ನೂರು ವರ್ಷಕ್ಕೊಮ್ಮೆ, ಹಾಗಾಗಿ ಇನ್ನು ನಿಶ್ಚಿಂತೆ ಎಂದು ಓದಿಕೊಳ್ಳಬೇಡಿ. 1997, 2010, 2024ರ ನಡುವೆ ಎಷ್ಟು ವರ್ಷ ಎಂದು ನೀವೇ ಎಣಿಸಿ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಅದೇ ಬಡಾವಣೆಯಲ್ಲಿ ಎರಡನೇ ಮಹಡಿಗಿಂತ ಮೇಲೆ ಮನೆ ಸಿಕ್ಕರೆ ನನ್ನ ತಕರಾರಿಲ್ಲ. ದೊಡ್ಡ ಪೂರ ಬಂದರೂ ಆಗುವ ಕಷ್ಟ ಒಂದೆರಡು ವಾರ ಕರೆಂಟು, ನೀರು, ಲಿಫ್ಟ್ ಇಲ್ಲದಿರುವುದು. ನೆಲಮಹಡಿ ಹಿಡಿದರೆ ಸಾಮಾನು ಹೋಗುತ್ತದೆ, ಒಣಗಿದ ಮೇಲೂ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಜೀವಕ್ಕೆ ಅಪಾಯ ಕಡಿಮೆ, ಏಕೆಂದರೆ ಓದ್ರಾದ ನೀರು ಮೇಲ್ದಂಡೆಯಿಂದ ಬರಲು ಎರಡು ಮೂರು ದಿನ ಹಿಡಿಯುತ್ತದೆ, ಸರ್ಕಾರದ ಎಚ್ಚರಿಕೆಯ ಎಸ್ಸೆಮ್ಮೆಸ್ ಎಲ್ಲ ಮೊಬೈಲಿಗೂ ಬರುತ್ತದೆ. ಮೇಲಿನ ಮಹಡಿಯವರೂ ಮರೆಯುವ ಒಂದು ಸಂಗತಿ ಪಿವ್ನಿತ್ಸಾ, ಅಂದರೆ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಕೊಡುವ ಸಾಮಾನು ಗೂಡು. ಸೂಟ್‌ಕೇಸು, ಸೈಕಲ್ ಅಲ್ಲಿಡಲಿ. ಪದವಿ ಪತ್ರ, ಪಾಸ್‌ಪೋರ್ಟಿನ ಪ್ರತಿ ಇಡಬಾರದು. ಮನೆಯ ಸಾಮಾನಿಗೆ ವಿಮೆ ಮಾಡಿಸುವುದಾದರೆ ಪಾಲಿಸಿಯಲ್ಲಿ "ಪೊವುಚ್" ಎಂಬ ಪದ ಇದೆಯೇ ನೋಡಲಿ. ಪ್ರವಾಹಕ್ಕೆ ಅವರ ಮಾತು ಅದು. ಬೆಂಕಿ, ಕೊಳವೆ ಸೋರಿಕೆಗೆ ಸಿಗುವ ಪರಿಹಾರ ಪ್ರವಾಹಕ್ಕೂ ತಾನಾಗಿಯೇ ಸಿಗುತ್ತದೆಂದು ಭಾವಿಸಬಾರದು.

ಕರಾರು "ನಾಯೆಮ್ ಒಕಾಜ್ಯೊನಾಲ್ನಿ" ಎಂಬ ಬಗೆಯದಾದರೆ ಇನ್ನೊಂದು ತೊಡಕಿದೆ. ಮನೆ ಬಿಡಬೇಕಾಗಿ ಬಂದರೆ ಹೋಗಲು ಪೋಲೆಂಡಿನಲ್ಲಿ ಬೇರೊಂದು ಮನೆ ಇದೆಯೆಂದು ಬಾಡಿಗೆದಾರರು ನೋಟರಿ ಮುಂದೆ ಬರೆದುಕೊಡಬೇಕು, ಆ ಮನೆಯ ಮಾಲೀಕರ ಒಪ್ಪಿಗೆಯೂ ಬೇಕು. ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿಗೆ ಅದನ್ನು ಒದಗಿಸುವವರು ಯಾರು? ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಲಿ.

ಬೇರೆ ಆಯ್ಕೆಗಳಲ್ಲಿ ನದೊಡ್ಜೆ ಬಡಾವಣೆಯ ಹತ್ತೊಂಬತ್ತನೇ ಶತಮಾನದ ಕಟ್ಟಡಗಳು ಎತ್ತರದ ಚಾವಣಿ, ಅಗಲ ಮೆಟ್ಟಿಲುಗಳ ಚೆಲುವಿನವು. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಚಳಿಗಾಲದಲ್ಲಿ ಮನೆ ಬೆಚ್ಚಗಾಗುವುದು ಹೇಗೆ? ನಗರದ ಬಿಸಿನೀರಿನ ಜಾಲದಿಂದಲೋ, ಗ್ಯಾಸಿನಿಂದಲೋ, ವಿದ್ಯುತ್ತಿನಿಂದಲೋ? ವಿದ್ಯುತ್ತು ಎಂದರೆ ಬಾಡಿಗೆ ಕಡಿಮೆ ಇದ್ದದ್ದು ಜನವರಿಯ ಬಿಲ್ಲಿನಲ್ಲಿ ಸರಿಹೋಗುತ್ತದೆ. ಗ್ರುನ್‌ವಾಲ್ದ್ಸ್ಕಿ ಚೌಕದ ಸುತ್ತ ವಿದ್ಯಾರ್ಥಿಗಳು ಹೆಚ್ಚು, ಟ್ರಾಮ್ ಸೌಕರ್ಯ ಚೆನ್ನಾಗಿದೆ. ಅಲ್ಲಿ 1970ರ ದಶಕದ ಆರಂಭದ ಬಹುಮಹಡಿ ಕಟ್ಟಡಗಳ ಸಾಲೊಂದಿದೆ. ಕಿಟಕಿಗಳ ಸುತ್ತಿನ ಕಾಂಕ್ರೀಟ್ ಚೌಕಟ್ಟಿನ ಆಕಾರ ನೋಡಿ ಊರವರು ಇಟ್ಟ ಅಡ್ಡಹೆಸರು "ಕಮೋಡಿನ ಸೀಟುಗಳು". ವಾಸಕ್ಕೇನೂ ತೊಂದರೆಯಿಲ್ಲ.

ಜರ್ಮನ್ ಊರೋ, ಪೋಲಿಷ್ ಊರೋ?

ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ಇತಿಹಾಸವಿದೆ, ಸಲಹೆ ಮಾತ್ರ ಪೂರ್ತಿ ತಪ್ಪು. ಅಂಗಡಿಯಲ್ಲಿ, ಕಚೇರಿಯಲ್ಲಿ, ಟ್ರಾಮಿನಲ್ಲಿ ನಡೆಯುವುದು ಪೋಲಿಷ್. ಯುವಜನರ ಹತ್ತಿರ ಇಂಗ್ಲಿಷ್ ನಡೆಯುತ್ತದೆ. 2022ರ ನಂತರ ಉಕ್ರೇನಿನ ಮಾತು ಬೀದಿಬೀದಿಯಲ್ಲಿ ಕೇಳಿಸುತ್ತದೆ. ಜರ್ಮನ್ ನೆಚ್ಚಿಕೊಂಡು ಹೋದರೆ ಹಾಲು ಕೊಳ್ಳುವುದೂ ಕಷ್ಟ.

ಕ್ರಿ.ಶ. 1000ದಲ್ಲಿ ಪೋಲಿಷ್ ಪಿಯಾಸ್ತ್ ಅರಸರ ಕಾಲದಲ್ಲಿ ಇಲ್ಲಿ ಬಿಷಪ್ ಪೀಠ ಸ್ಥಾಪನೆಯಾಯಿತು. 1241ರ ಮಂಗೋಲರ ದಾಳಿಯ ನಂತರ ಎಡದಂಡೆಯಲ್ಲಿ ಜರ್ಮನ್ ಮಾದರಿಯ ಪೇಟೆ ಹಬ್ಬಿತು. ಸ್ಥಳೀಯ ಪಿಯಾಸ್ತ್ ಮನೆತನ 1335ರಲ್ಲಿ ನಿಂತುಹೋದಾಗ ಊರು ಬೊಹೇಮಿಯಾ ಅರಸರಿಗೆ, 1526ರಲ್ಲಿ ಹ್ಯಾಬ್ಸ್‌ಬರ್ಗರಿಗೆ, 1741ರಲ್ಲಿ ಪ್ರಷ್ಯದ ಫ್ರೆಡ್ರಿಕನಿಗೆ ಹೋಯಿತು. ಬ್ರೆಸ್ಲಾವ್ ಎಂಬ ಹೆಸರಿನಲ್ಲಿ ಜರ್ಮನಿಯ ದೊಡ್ಡ ನಗರಗಳಲ್ಲೊಂದಾಗಿ ಬೆಳೆದು, 1939ರಲ್ಲಿ ಜನಸಂಖ್ಯೆ 6.3 ಲಕ್ಷದ ಹತ್ತಿರ ಇತ್ತು. 1945ರಿಂದ ಪೋಲೆಂಡ್. ಇಲ್ಲೊಂದು ಭಾರತದ ಎಳೆಯೂ ಇದೆ: 1833ರಲ್ಲೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅಡಾಲ್ಫ್ ಫ್ರೆಡ್ರಿಕ್ ಸ್ಟೆನ್ಸ್‌ಲರ್ ಸಂಸ್ಕೃತ ಪಾಠ ಶುರು ಮಾಡಿದ್ದರು. ಕಾಳಿದಾಸನ ಕಾವ್ಯಗಳನ್ನು ಲ್ಯಾಟಿನ್‌ಗೆ ತಂದವರು ಅವರು.

1945 ಎಂದರೆ ಬರೀ ಬಾವುಟ ಬದಲಾದ ವರ್ಷವಲ್ಲ. ಹಿಟ್ಲರನ ಸರ್ಕಾರ ನಗರವನ್ನು "ಕೋಟೆ" ಎಂದು ಘೋಷಿಸಿ ಶರಣಾಗಲು ಬಿಡಲಿಲ್ಲ. ಫೆಬ್ರುವರಿ ನಡುವಿನಿಂದ ಮೇ 6ರವರೆಗೆ ಮುತ್ತಿಗೆ. ಬರ್ಲಿನ್ ಬಿದ್ದು ನಾಲ್ಕು ದಿನವಾದ ಮೇಲೆ ಈ ಊರು ಕೈಚೆಲ್ಲಿತು. ನಾಶ ಮಾಡಿದ್ದು ಸೋವಿಯತ್ ಫಿರಂಗಿಗಳು ಮಾತ್ರವಲ್ಲ. ಗುಂಡು ಹಾರಿಸಲು ಬಯಲು ಬೇಕೆಂದು ಜರ್ಮನ್ ಸೈನ್ಯವೇ ಬೀದಿಬೀದಿಗಳನ್ನು ಸುಟ್ಟು ಕೆಡವಿತು. ಇಂದಿನ ಗ್ರುನ್‌ವಾಲ್ದ್ಸ್ಕಿ ಚೌಕದ ಮನೆಗಳನ್ನು ನೆಲಸಮ ಮಾಡಿ ವಿಮಾನ ಇಳಿಯುವ ಪಟ್ಟಿ ಮಾಡಿದರು. ಆ ಚೌಕ ಅಷ್ಟು ಅಗಲ, ಅಷ್ಟು ಬೋಳು ಯಾಕೆ ಎಂಬುದಕ್ಕೆ ಉತ್ತರ ಅದು.

ಬಳಿಕದ ಕೆಲವೇ ವರ್ಷಗಳಲ್ಲಿ ಜರ್ಮನರನ್ನೆಲ್ಲ ಹೊರಕಳಿಸಿ ಪೋಲರನ್ನು ತಂದು ನೆಲೆಗೊಳಿಸಿದರು. ಇಷ್ಟು ದೊಡ್ಡ ನಗರದ ಜನ ಹೆಚ್ಚುಕಡಿಮೆ ಪೂರ್ತಿ ಬದಲಾದ ಉದಾಹರಣೆ ಯುರೋಪಿನಲ್ಲಿ ವಿರಳ. ಬಂದವರೆಲ್ಲ ಲ್ವುಫ್‌ನವರು, ಅಂದರೆ ಇಂದಿನ ಉಕ್ರೇನಿನ ಲ್ವಿವ್‌ನವರು ಎಂಬುದು ಊರಿನ ಪ್ರೀತಿಯ ಕಟ್ಟುಕಥೆ. ಸಂಖ್ಯೆಯಲ್ಲಿ ಮಧ್ಯ ಮತ್ತು ಪಶ್ಚಿಮ ಪೋಲೆಂಡಿನವರು ಹೆಚ್ಚು. ಆದರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಲ್ವುಫ್‌ನವರು, ಒಸ್ಸೊಲಿನೆಯುಮ್ ಗ್ರಂಥಾಲಯ ಅಲ್ಲಿಂದ ಬಂತು, ಪೇಟೆ ಚೌಕದಲ್ಲಿ ಕೂತಿರುವ ನಾಟಕಕಾರ ಫ್ರೆದ್ರೊ ಪ್ರತಿಮೆಯೂ ಅಲ್ಲಿಯದೇ. ಊರಿನ ನೆನಪನ್ನು ಬರೆದವರು ಅವರು, ಹಾಗಾಗಿ ಕಥೆಯಲ್ಲಿ ಅವರೇ ಎದ್ದುಕಾಣುತ್ತಾರೆ.

ಊರಿನ ಸ್ವಭಾವ ತಿಳಿಯಬೇಕಾದರೆ "ಪೊನ್ಯೆಮ್ಯೆತ್ಸ್ಕಿ" ಎಂಬ ಪೋಲಿಷ್ ಪದ ಗೊತ್ತಿರಬೇಕು. "ಜರ್ಮನರು ಬಿಟ್ಟುಹೋದ" ಎಂದು ಅರ್ಥ. ಮನೆಗೂ ಅದೇ ವಿಶೇಷಣ, ಕಪಾಟಿಗೂ, ತಟ್ಟೆಗೂ. ಬೇರೆಯವರ ಹಾಸಿಗೆಯಲ್ಲಿ ಮಲಗಿ, ಬೇರೆಯವರ ಪಾತ್ರೆಯಲ್ಲಿ ಉಂಡು ಬದುಕು ಶುರುಮಾಡಿದವರಿಗೆ ಮೂಲ ಮಾಲೀಕರು ತಿರುಗಿ ಬಂದಾರೆಂಬ ಅಂಜಿಕೆ ಬಹುಕಾಲ ಇತ್ತು. ಪಶ್ಚಿಮ ಜರ್ಮನಿ ಗಡಿಯನ್ನು ಮಾನ್ಯ ಮಾಡಿದ್ದು 1970ರಲ್ಲಿ, ಕೊನೆಯ ಒಪ್ಪಂದ ಆದದ್ದು 1990ರಲ್ಲಿ. ಅಲ್ಲಿಯವರೆಗೆ ಮನೆ ರಿಪೇರಿಗೆ ಹಣ ಹಾಕಲು ಹಿಂದೆಮುಂದೆ ನೋಡಿದವರು ಬಹಳ. ನದೊಡ್ಜೆಯ ಮುಂಭಾಗಗಳು ಇವತ್ತಿಗೂ ಗಾರೆ ಉದುರಿ ನಿಂತಿರುವುದಕ್ಕೆ ಅದೂ ಒಂದು ಕಾರಣ. ಈಚಿನ ತಲೆಮಾರು ಬ್ರೆಸ್ಲಾವ್ ಹೆಸರನ್ನು ಮುಚ್ಚಿಡುವುದಿಲ್ಲ. ಗ್ರಾಬಿಶಿನ್‌ಸ್ಕಿ ಉದ್ಯಾನದಲ್ಲಿ, ಕೆಡವಿಹಾಕಿದ ಹಳೆಯ ಸ್ಮಶಾನಗಳ ಕಲ್ಲುಗಳನ್ನೇ ಕೂಡಿಸಿ 2008ರಲ್ಲಿ ಸ್ಮಾರಕ ನಿಲ್ಲಿಸಿದ್ದಾರೆ.

ಹೆಸರಿನ ಉಚ್ಚಾರ: ನಡುವಿನ ಅಡ್ಡಗೆರೆಯ "ಎಲ್" ಅಕ್ಷರ ಲಕಾರವಲ್ಲ, ವಕಾರ. "ಸಿ" ಎಂದರೆ ತ್ಸ. ಕೊನೆಯ "ಡಬ್ಲ್ಯೂ" ಫಕಾರ. ಹೀಗೆ ವ್ರೊತ್ಸ್ವಾಫ್. ಕನ್ನಡದಂತೆಯೇ ಅವರಿಗೂ ವಿಭಕ್ತಿಗಳಿವೆ. ನಾವು "ಹುಬ್ಬಳ್ಳಿಯಲ್ಲಿ" ಎಂದ ಹಾಗೆ ಅವರು "ವೆ ವ್ರೊತ್ಸ್ವಾವ್ಯು" ಎನ್ನುತ್ತಾರೆ. ಹೆಸರಿನ ಬಾಲ ಬೇರೆಯಾಗಿ ಕಂಡರೆ ಗಾಬರಿ ಬೇಡ, ಊರು ಅದೇ.

"ನಕಲಿ" ಎಂಬ ಮಾತು

ಪೇಟೆ ಚೌಕ, ಅಂದರೆ ರಿನೆಕ್‌ನ ಮನೆಗಳಲ್ಲಿ ಸುಮಾರು ಅರ್ಧ ಯುದ್ಧದಲ್ಲಿ ಹಾಳಾಗಿ 1950ರ ದಶಕದಲ್ಲಿ ಮತ್ತೆ ಎದ್ದವು. ಕಟ್ಟುವಾಗ 1939ರಲ್ಲಿ ಇದ್ದಂತೆಯೇ ಕಟ್ಟಲಿಲ್ಲ. ಜರ್ಮನ್ ಕಾಲದ ದೊಡ್ಡ ವ್ಯಾಪಾರ ಮಳಿಗೆಗಳ ಜಾಗದಲ್ಲಿ ಅದಕ್ಕೂ ಹಿಂದಿನ ಶೈಲಿಯ ಮುಂಭಾಗಗಳನ್ನು ತಂದರು. ಪ್ರಷ್ಯದ ಗುರುತು ಕಡಿಮೆ ಕಾಣಲಿ ಎಂಬ ಉದ್ದೇಶ ಅದರಲ್ಲಿ ಇತ್ತು. ಹಾಗಾಗಿ ಕೆಲವು ಮನೆಗಳು ನಿಜಕ್ಕೂ ಹಿಂದಿದ್ದ ಮನೆಗಿಂತ ಹಳೆಯದಾಗಿ ಕಾಣುತ್ತವೆ! ಆದರೆ ಚೌಕದ ನಡುವಿನ ಪುರಭವನ ಬಹುಮಟ್ಟಿಗೆ ಉಳಿದುಕೊಂಡ ಅಸಲಿ ಗೋಥಿಕ್ ಕಟ್ಟಡ. ವಿಶ್ವವಿದ್ಯಾಲಯದ ಬರೋಕ್ ಸಭಾಂಗಣ ಔಲಾ ಲೆಯೊಪೊಲ್ದಿನಾ ಕೂಡ ಅಸಲಿ. ಕೆಥೆಡ್ರಲ್‌ನ ಗೋಡೆಗಳ ಬುಡ ಹದಿಮೂರನೇ ಶತಮಾನದ್ದು, ನೆತ್ತಿಯ ಚೂಪು ಶಿಖರಗಳು 1991ರವು. ದಕ್ಷಿಣದ ಬಡಾವಣೆಗಳಲ್ಲಿ ಹಳೆಯದೇನೂ ಹೆಚ್ಚು ಉಳಿದಿಲ್ಲ, ಏಕೆಂದರೆ ಸೋವಿಯತ್ ಪಡೆ ನುಗ್ಗಿದ್ದು ದಕ್ಷಿಣ, ಪಶ್ಚಿಮಗಳಿಂದ. ನದಿಯಾಚೆಯ ಉತ್ತರ ಭಾಗ ಉಳಿಯಿತು. ಇನ್ನೊಂದು ಸಂಗತಿ ಕಡಿಮೆ ಜನಕ್ಕೆ ಗೊತ್ತು: ಯುದ್ಧದ ನಂತರ ಇಲ್ಲಿನ ಇಟ್ಟಿಗೆಗಳು ರೈಲುಗಟ್ಟಲೆ ವಾರ್ಸಾವನ್ನು ಮತ್ತೆ ಕಟ್ಟಲು ಹೋದವು. ಅವುಗಳಿಗಾಗಿ ರಿಪೇರಿಯಾಗಬಹುದಾಗಿದ್ದ ಗೋಡೆಗಳನ್ನೂ ಕೆಡವಿದರು.

ಎರಡು ದಿನ

ಮೊದಲ ದಿನ ಬೆಳಿಗ್ಗೆ ರಿನೆಕ್, ಪುರಭವನ, ಅಲ್ಲಿಂದ ನಡೆದೇ ವಿಶ್ವವಿದ್ಯಾಲಯ. ದಾರಿಯಲ್ಲಿ ಗೇಣುದ್ದದ ಕಂಚಿನ ಕುಳ್ಳರು ಕಾಣುತ್ತಾರೆ. ಪ್ರವಾಸಿಗಳಿಗೆ ಅದು ಮಕ್ಕಳಾಟ, ಮೂಲ ಮಾತ್ರ ಹಾಗಲ್ಲ. 1980ರ ದಶಕದಲ್ಲಿ ಆಗಿನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಬರೆದ ಗೋಡೆಬರಹಗಳ ಮೇಲೆ ಪೊಲೀಸರು ಬಣ್ಣ ಬಳಿಯುತ್ತಿದ್ದರು. "ಕಿತ್ತಳೆ ಪರ್ಯಾಯ" ಎಂಬ ಗುಂಪಿನವರು ಆ ತೇಪೆಗಳ ಮೇಲೆ ಕುಳ್ಳರ ಚಿತ್ರ ಬಿಡಿಸಿದರು. ಕುಳ್ಳನ ಚಿತ್ರ ಬರೆದದ್ದಕ್ಕೆ ಬಂಧಿಸಿದರೆ ನಗೆಪಾಟಲಾಗುವವರು ಪೊಲೀಸರೇ! ಅದರ ನೆನಪಿಗೆ 2001ರಲ್ಲಿ ಶ್ವಿದ್ನಿತ್ಸ್ಕಾ ಬೀದಿಯಲ್ಲಿ ಮೊದಲ ಪ್ರತಿಮೆ ಬಂತು. ಈಗಿನ ನೂರಾರರಲ್ಲಿ ಬಹಳಷ್ಟು ಅಂಗಡಿ, ಕಂಪನಿಗಳ ಜಾಹೀರಾತು. ಮೊದಲನೆಯದನ್ನು ನೋಡಿದರೆ ಸಾಕು.

ಮಧ್ಯಾಹ್ನ ರಾತ್ಸ್ವಾವಿತ್ಸೆ ಪನೋರಮಾ. 15 ಮೀಟರ್ ಎತ್ತರ, 114 ಮೀಟರ್ ಉದ್ದದ ವೃತ್ತಾಕಾರದ ಯುದ್ಧಚಿತ್ರ ಇದು, ಇದೂ ಲ್ವುಫ್‌ನಿಂದ ಬಂದದ್ದು. 1794ರಲ್ಲಿ ಪೋಲರು ರಷ್ಯನ್ನರನ್ನು ಸೋಲಿಸಿದ ಚಿತ್ರವಾದ್ದರಿಂದ ಸೋವಿಯತ್ ದೊಡ್ಡಣ್ಣನಿಗೆ ಬೇಸರವಾದೀತೆಂದು 1985ರವರೆಗೆ ಸುತ್ತಿಯೇ ಇಟ್ಟಿದ್ದರು. ಪ್ರವೇಶಕ್ಕೆ ಹೊತ್ತು ಗೊತ್ತುಮಾಡಿ ಟಿಕೆಟ್ ಕೊಡುತ್ತಾರೆ, ಮುಂಚೆ ತೆಗೆದುಕೊಳ್ಳಿ.

ಎರಡನೇ ದಿನ ಟ್ರಾಮಿನಲ್ಲಿ ಶತಮಾನ ಸಭಾಂಗಣಕ್ಕೆ. ವಾಸ್ತುಶಿಲ್ಪಿ ಮಾಕ್ಸ್ ಬೆರ್ಗ್ 1913ರಲ್ಲಿ ಮುಗಿಸಿದ, 65 ಮೀಟರ್ ವ್ಯಾಸದ ಕಾಂಕ್ರೀಟ್ ಗುಮ್ಮಟ, 2006ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಒಳಗೆ ನಿಂತು ತಲೆಯೆತ್ತಿ. ಹೊರಗಿನಿಂದ ಅದರ ದೊಡ್ಡತನ ತಿಳಿಯುವುದಿಲ್ಲ. ಹಿಂದಿರುಗುವಾಗ ಹಾಲಾ ತಾರ್ಗೊವಾ ಮಾರುಕಟ್ಟೆಗೆ ಹೋಗಿ. ಹೊರಗೆ ಇಟ್ಟಿಗೆಯ ಚರ್ಚಿನಂತೆ, ಒಳಗೆ ಭಾರೀ ಕಾಂಕ್ರೀಟ್ ಕಮಾನುಗಳು, ತರಕಾರಿ, ಹಣ್ಣು, ಹೂ. ಅಕ್ಟೋಬರಿನಲ್ಲಿ ಸೇಬು, ಪ್ಲಮ್ ಚೆನ್ನಾಗಿರುತ್ತವೆ.

ಊಟಕ್ಕೆ ಪ್ಯೆರೊಗಿ ರುಸ್ಕ್ಯೆ ಕೇಳಿ: ಆಲೂಗಡ್ಡೆ, ಚೀಸಿನ ಹೂರಣ ತುಂಬಿ ಬೇಯಿಸಿದ ಕಡುಬು. ಹೆಸರಿಗೂ ರಷ್ಯಾಕ್ಕೂ ಸಂಬಂಧವಿಲ್ಲ, ಪೂರ್ವದ ರುಥೇನಿಯಾ ಸೀಮೆಯದು. ಹೂರಣ ಸಸ್ಯಾಹಾರವೇ, ಆದರೆ ಮೇಲೆ ಉದುರಿಸುವ ಹುರಿದ ತುಣುಕುಗಳು ಹಂದಿಯ ಕೊಬ್ಬು. ಆರ್ಡರ್ ಕೊಡುವಾಗಲೇ "ಬೆಸ್ ಸ್ಕ್ವಾರೆಕ್" ಎನ್ನಿ, "ಆ ತುಣುಕು ಬೇಡ" ಎಂದು ಅರ್ಥ. ಬೀಟ್‌ರೂಟ್ ಸಾರು ಬಾರ್ಶ್ಚ್ ನೋಡಲು ನಿರಪಾಯವಾಗಿ ಕಾಣುತ್ತದೆ, ಎಷ್ಟೋ ಕಡೆ ಮಾಂಸದ ಸಾರಿನಲ್ಲಿ ಮಾಡಿರುತ್ತಾರೆ. ಕೇಳದೆ ಕುಡಿಯಬೇಡಿ.

ಸಂಜೆಗೆ ಒಸ್ತ್ರುಫ್ ತುಮ್ಸ್ಕಿ ಉಳಿಸಿಕೊಳ್ಳಿ. ಹೆಸರಿನಲ್ಲಿ ದ್ವೀಪವಿದೆ, ಆದರೆ ಉತ್ತರದ ಕವಲನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಮುಚ್ಚಿದ್ದರಿಂದ ಈಗ ದ್ವೀಪವಲ್ಲ. 1889ರ ಕಬ್ಬಿಣದ ಸೇತುವೆಯ ಮೇಲೆ ದಾಟಿ ಒಳಹೋದರೆ ನೂರರಷ್ಟು ಗ್ಯಾಸ್ ದೀಪಗಳಿವೆ. ಕಪ್ಪು ನಿಲುವಂಗಿ ತೊಟ್ಟ ದೀಪದವನು ಒಂದೊಂದನ್ನೂ ಕೋಲಿನಿಂದ ಹೊತ್ತಿಸುತ್ತ ಹೋಗುತ್ತಾನೆ. ಗಡಿಯಾರದ ಹೊತ್ತು ಗೊತ್ತಿಲ್ಲ, ಸೂರ್ಯ ಮುಳುಗುವ ಹೊತ್ತು ಅವನಿಗೆ ಲೆಕ್ಕ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಬೇಕು, ಡಿಸೆಂಬರಿನಲ್ಲಿ ನಾಲ್ಕಕ್ಕೂ ಮೊದಲೇ ಬರುತ್ತಾನೆ. ನೀವು ಹೋಗುವ ಅಕ್ಟೋಬರ್ ಮೊದಲ ವಾರವಾದರೆ ಆರೂಕಾಲಿಗೆ ಸೇತುವೆ ಮೇಲೆ ಇರಿ.